ಕೊನೆಯ ರೀಲಿಗೆ ಮುಂಚಿನ ಬಸ್ಸು

ನನ್ನ ಸೋದರತ್ತೆ ನೂರಾರು ಸಿನಿಮಾ ನೋಡಿದ್ದಾಳೆ, ಒಂದರ ಕೊನೆಯನ್ನೂ ನೋಡಿಲ್ಲ. ಆದರೂ ಹೊನ್ನವಳ್ಳಿಯಿಂದಾಚೆಗಿನ ನಮ್ಮ ಹಳ್ಳಿಯಲ್ಲಿ ಯಾವ ಸಿನಿಮಾ ಹೇಗೆ ಮುಗಿಯಿತು ಎಂದು ತೀರ್ಮಾನಿಸುವ ಅಧಿಕಾರ ಇದ್ದದ್ದು ಅವಳೊಬ್ಬಳಿಗೇ! ಇದು ಅನ್ಯಾಯವಲ್ಲವೇ? ಕಥೆ ಬರೆದವನಿಗಿಲ್ಲ, ಕ್ಯಾಮೆರಾ ಹಿಡಿದವನಿಗಿಲ್ಲ, ತುಮಕೂರಿನ ವಾರಪತ್ರಿಕೆಯೊಂದಕ್ಕೆ ಸಿನಿಮಾ ವಿಮರ್ಶೆ ಬರೆಯುತ್ತಿದ್ದ ನನಗಂತೂ ಇಲ್ಲವೇ ಇಲ್ಲ. ನಾನು ತಿಪಟೂರಿನಲ್ಲಿ ರೂಮು ಮಾಡಿಕೊಂಡು, ಪ್ರತಿ ಚಿತ್ರವನ್ನೂ ಕಡೆಯ ಅಕ್ಷರ ಮಾಯವಾಗುವತನಕ ಕೂತು ನೋಡಿ, ಗೇಟಿನವನ ಬೈಗುಳ ತಿಂದು ಹೊರಗೆ ಬರುತ್ತಿದ್ದೆ. ಊರಿಗೆ ಹೋಗಿ ಬಾಯಿ ತೆರೆದರೆ, "ಹಂಗಲ್ವಂತೆ ಕಣಪ್ಪ, ನಿಮ್ಮತ್ತೆ ಬೇರೆ ಥರ ಹೇಳವ್ರೆ" ಎನ್ನುತ್ತಿದ್ದರು. ಮೈ ಉರಿಯದೆ ಇರುತ್ತದೆಯೇ?

ಮೂಲ ಅಪರಾಧಿ ಬಸ್ಸು. ತಿಪಟೂರಿನ ಟಾಕೀಸಿನಲ್ಲಿ ಮ್ಯಾಟಿನಿ ಮುಗಿಯುವುದಕ್ಕೆ ಇನ್ನೂ ಒಂದು ರೀಲು ಬಾಕಿ ಇರುವಾಗಲೇ ನಮ್ಮೂರ ಬಸ್ಸು ಹೊರಟುಬಿಡುತ್ತಿತ್ತು. ಅದು ತಪ್ಪಿದರೆ ಮತ್ತೆ ಬೆಳಗ್ಗೆಯೇ ಗತಿ. ಕೊಬ್ಬರಿ ಹರಾಜಿನ ದಿನ ಗಂಡಸರು ಮಾರುಕಟ್ಟೆಗೆ, ಹೆಂಗಸರು ಮ್ಯಾಟಿನಿಗೆ. ಪರದೆಯ ಮೇಲೆ ನಾಯಕ ವಿಷದ ಲೋಟವನ್ನು ತುಟಿಗೆ ತಂದಿರುತ್ತಿದ್ದ. ಸರಿಯಾಗಿ ಆಗಲೇ ಕಂಡಕ್ಟರು ಬಾಗಿಲಿನ ಕರ್ಟನ್ ಸರಿಸಿ ತಲೆ ತೂರಿಸಿ, "ಹೊನ್ನವಳ್ಳಿ ಕಡೆಯೋರು ಏಳ್ರಮ್ಮೋ! ಗಾಡಿ ಬುಡ್ತೀವಿ!" ಎಂದು ಕೂಗುತ್ತಿದ್ದ. ಹೆಂಗಸರ ಸಾಲಿಗೆ ಸಾಲೇ ಎದ್ದು ನಿಲ್ಲುತ್ತಿತ್ತು. ನಾಯಕನ ಮುಖದ ಮೇಲೆ ತುರುಬುಗಳ ನೆರಳು, ವೈರ್ ಬ್ಯಾಗುಗಳ ನೆರಳು. ಅವನು ಕುಡಿದನೋ ಚೆಲ್ಲಿದನೋ ಯಾರಿಗೆ ಬೇಕಾಗಿತ್ತು?

ಬಸ್ಸು ಟಾಕೀಸಿನಿಂದ ಬೇಗ ಕರೆದೊಯ್ಯುವಂತೆ ಅಲ್ಲಿಗೆ ಬೇಗ ತಂದೂ ಬಿಡುತ್ತಿತ್ತು. ಹಾಗಾಗಿ ನಮ್ಮೂರಿನವರಿಗೆ ಸಿನಿಮಾದ ತುದಿ ಗೊತ್ತಿಲ್ಲ, ಬುಡ ಮಾತ್ರ ಬಾಯಿಪಾಠ. ಶುರುವಿನಲ್ಲಿ ತೋರಿಸುವ ಸೆನ್ಸಾರ್ ಸರ್ಟಿಫಿಕೇಟನ್ನು ಅಷ್ಟು ಭಕ್ತಿಯಿಂದ ನೋಡುವ ಜನ ಬೇರೆಲ್ಲೂ ಇರಲಾರರು. ಮುದ್ರೆ ಇದೆ, ಸಹಿ ಇದೆ; ಅಂದಮೇಲೆ ಅದರಲ್ಲಿ ನಡೆಯುವುದೆಲ್ಲ ಸರ್ಕಾರಕ್ಕೆ ಒಪ್ಪಿಗೆ ಇರುವಂಥದ್ದು! ಅತ್ತೆಯ ಪಕ್ಕದ ಮನೆಯ ಪುಟ್ಟಯ್ಯ ತನ್ನ ಮಗಳು ರತ್ನಳಿಗೆ ಸೈಕಲ್ ಕೊಡಿಸಿದಾಗ ಊರವರು ಆಡಿಕೊಂಡರು. ಅವನು ಕೊಟ್ಟ ಉತ್ತರ ಇದು: "ಪಿಕ್ಚರ್‌ನಾಗೆ ಹೆಣ್ಣುಡುಗಿ ಸೈಕಲ್ ತುಳೀತಾಳೆ. ಗೌರ್ಮೆಂಟು ಸಯ್ಯಿ ಹಾಕಿ ಕಳಿಸೈತೆ. ನಾವ್ಯಾರು ಬ್ಯಾಡ ಅನ್ನೋಕೆ?" ಊರು ತೆಪ್ಪಗಾಯಿತು. ವಿಮರ್ಶಕನಾಗಿ ನಾನು ಬರೆದ ಯಾವ ಸಾಲೂ ಯಾರನ್ನೂ ಹೀಗೆ ತೆಪ್ಪಗಾಗಿಸಿದ್ದಿಲ್ಲ.

ಇನ್ನು ಅತ್ತೆಯ ಮನೆಯ ಹಿಂದಿನ ಕೊಬ್ಬರಿ ಕೊಟ್ಟಿಗೆ. ವರ್ಷಗಟ್ಟಲೆ ಅಟ್ಟದ ಮೇಲೆ ಕೂತು ಒಳಗಿನ ನೀರೆಲ್ಲ ಇಂಗಿದ ಕಾಯನ್ನು ಇಳಿಸಿ, ಸಿಪ್ಪೆ ಸುಲಿದು, ಚಿಪ್ಪನ್ನು ಕುಡುಗೋಲಿನ ಬೆನ್ನಿನಿಂದ ಹುಷಾರಾಗಿ ಕುಟ್ಟಿ ಬಿಡಿಸಬೇಕು. ಒಳಗಿನ ಉಂಡೆಗೆ ಒಂದು ಗೀರೂ ಬೀಳಬಾರದು. ನೆರೆಯ ಹೆಂಗಸರೆಲ್ಲ ಕೂತು ಈ ಕೆಲಸ ಮಾಡುವಾಗ ಅತ್ತೆ ಸಿನಿಮಾ ಹೇಳುತ್ತಿದ್ದಳು. ಬಸ್ಸಿನತನಕ ನಿಜ, ಬಸ್ಸಿನಿಂದಾಚೆಗೆ ಅವಳದೇ ರಾಜ್ಯ.

ಆ ರಾಜ್ಯದಲ್ಲಿ ಯಾರೂ ಸಾಯುತ್ತಿರಲಿಲ್ಲ. ಖಳನಾಯಕನನ್ನು ಬಂಡೆಯಿಂದ ತಳ್ಳುವ ಬದಲು ಅತ್ತೆ ಅವನಿಗೆ ಬೋರನಕಣಿವೆ ಜಲಾಶಯದ ಕೆಳಗೆ ತುಂಡು ಜಮೀನು ಕೊಡಿಸಿ ಸಂಸಾರಸ್ಥನನ್ನಾಗಿ ಮಾಡುತ್ತಿದ್ದಳು. "ನೀರಾವರಿ ಜಮೀನು ಇದ್ರೆ ಯಾವನ್ಲಾ ಬಾಂಬ್ ಇಡ್ತಾನೆ? ಅವ್ನಿಗೆ ಪುರಸೊತ್ತು ಎಲ್ಲಿರ್ತದೆ?" ಎಂಬುದು ಅವಳ ಸಿದ್ಧಾಂತ. ಪತ್ತೇದಾರಿ ಚಿತ್ರಗಳ ಗತಿ ಕೇಳಲೇಬೇಡಿ. ಒಂದು ಚಿತ್ರದಲ್ಲಿ ಕೊಲೆಗಾರ ಯಾರೆಂದು ತಿಳಿಯುವ ಮೊದಲೇ ಬಸ್ಸು ಬಂದಿತ್ತು. ಅತ್ತೆ ಎರಡನೆಯ ಯೋಚನೆಯಿಲ್ಲದೆ, "ವಕೀಲ" ಎಂದಳು. ಆ ಚಿತ್ರದಲ್ಲಿ ವಕೀಲನೇ ಇರಲಿಲ್ಲ! ಆ ವರ್ಷ ಅತ್ತೆಯ ತೋಟದ ಬದುವಿನ ವ್ಯಾಜ್ಯ ಕೋರ್ಟಿನಲ್ಲಿತ್ತು, ಅಷ್ಟೆ.

"ಅತ್ತೆ, ಇಲ್ಲದ ವಕೀಲನ್ನ ಎಲ್ಲಿಂದ ತಂದೆ?"

"ನಂಗೇನು ಗೊತ್ತು? ಟಾಕೀಸು ಗೇಟಿನೋನು ಹೇಳ್ದ."

ಇದು ಅವಳ ಖಾಯಂ ಸಾಕ್ಷಿ. ಓಡುತ್ತ ಹೊರಬರುವಾಗ ಗೇಟಿನವನು ಕೊನೆ ಹೇಳಿ ಕಳಿಸುತ್ತಾನೆಂದು ಊರೆಲ್ಲ ನಂಬಿತ್ತು. ನಾನು ಸುಮ್ಮನಿರುವವನೇ? ಹೋಗಿ ವಿಚಾರಿಸಿದೆ. ಗೇಟಿನವನು ಎಲೆಯಡಿಕೆ ಉಗಿದು, "ನಾನು ಪಿಕ್ಚರ್ರೇ ನೋಡಲ್ಲ ಸ್ವಾಮಿ. ಕತ್ಲಲ್ಲಿ ಕೂತ್ರೆ ತಲೆನೋವು ಬತ್ತದೆ" ಎಂದ.

ಇವಳನ್ನು ತಿದ್ದಬೇಕೆಂದು ಹಟ ತೊಟ್ಟೆ. ಆಗ ನಾವು ಕೆಲವರು ಸೇರಿ ತಿಪಟೂರಿನಲ್ಲಿ ಚಿತ್ರಸಂಘ ಮಾಡಿಕೊಂಡಿದ್ದೆವು. ಭಾನುವಾರ ಬೆಳಗ್ಗೆ ಶಾಲೆಯ ಹಾಲಿನಲ್ಲಿ, ಬಾಡಿಗೆ ಪ್ರೊಜೆಕ್ಟರಿನಲ್ಲಿ, ಒಂದು ಗಂಭೀರ ಕಲಾತ್ಮಕ ಚಿತ್ರ. ಬಸ್ಸಿನ ಕಾಟವಿಲ್ಲ. ಅತ್ತೆಯನ್ನು ಮೊದಲ ಸಾಲಿನಲ್ಲಿ ಕೂರಿಸಿದೆ. ಚಿತ್ರದಲ್ಲಿ ಒಬ್ಬ ಮನುಷ್ಯ ಒಣಗಿದ ಕೆರೆಯ ಏರಿಯ ಮೇಲೆ ನಡೆಯುತ್ತ ನಡೆಯುತ್ತ ಹೋಗಿ ತಟ್ಟನೆ ನಿಂತ. ಚಿತ್ರವೂ ನಿಂತಿತು. ದೀಪ ಹತ್ತಿತು. ನಾವೆಲ್ಲ ಆ ಮೌನದ ಅರ್ಥದಲ್ಲಿ ಮುಳುಗಿದ್ದೆವು. ಅತ್ತೆ ಹಿಂದಕ್ಕೆ ತಿರುಗಿ, ಪಾಪ ಎನ್ನುವಂತೆ ಕೇಳಿದಳು: "ಪಿಕ್ಚರ್ ತೆಗೆದೋರ್ಗೂ ಬಸ್ ಇತ್ತೇನ್ಲಾ?"

ಜೀವನದಲ್ಲಿ ಅವಳು ಕೊನೆಯವರೆಗೆ ಕೂತು ನೋಡಿದ ಒಂದೇ ಚಿತ್ರಕ್ಕೆ ಕೊನೆಯೇ ಇರಲಿಲ್ಲ. ಹಾಗೆಂದು ನಾನು ಬಹಳ ದಿನ ತಿಳಿದುಕೊಂಡಿದ್ದೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ನಗೆಯ ಮಾತಾಗಿಯೇ ಉಳಿಯುತ್ತಿತ್ತು. ಆದರೆ ರತ್ನ ಗಂಡನ ಮನೆಯಿಂದ ವಾಪಸ್ಸು ಬಂದಿದ್ದಳು. ಸೈಕಲ್ ತುಳಿಯುತ್ತಿದ್ದ ಅದೇ ರತ್ನ. ಎಡಗೈ ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದಿದ್ದಳು. ನಂಬಿದವರು ಯಾರೂ ಇರಲಿಲ್ಲ, ನಂಬಿದಂತೆ ನಟಿಸದವರೂ ಇರಲಿಲ್ಲ. ಕೊಟ್ಟಿಗೆಗೆ ಬಂದು ಮೂಲೆಯಲ್ಲಿ ಕೂತು, ಆ ಸೊಟ್ಟ ಕೈಯಲ್ಲಿ ಕಾಯಿ ಹಿಡಿದು ಚಿಪ್ಪು ಬಿಡಿಸುತ್ತಿದ್ದಳು. ಅವಳನ್ನು ಗಂಡನ ಮನೆಗೆ ಬಿಟ್ಟುಬರಬೇಕೆಂದು ಅಣ್ಣ ಮಂಜ ದಿನಾ ಕೂಗಾಡುತ್ತಿದ್ದ. ಅಪ್ಪ ಪುಟ್ಟಯ್ಯ ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಆಗಲೇ ತಿಪಟೂರಿಗೆ ಆ ಚಿತ್ರ ಬಂತು. ಕುಡುಕ ಗಂಡ, ಹೊಡೆತ, ಮಗು ಎತ್ತಿಕೊಂಡು ಮನೆ ಬಿಡುವ ಹೆಂಡತಿ. ಕೊನೆಯ ರೀಲಿನಲ್ಲಿ ಗಂಡ ಒಂದು ಹಸಿರು ಸೀರೆ ತಂದು ಮುಂದೆ ಹಿಡಿಯುತ್ತಾನೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು, ಅವನ ಕಾಲಿಗೆ ಬಿದ್ದು, ಹಿಂದೆ ಹಿಂದೆ ಹೊರಟುಹೋಗುತ್ತಾಳೆ. ಟಾಕೀಸೆಲ್ಲ ಮೂಗೊರೆಸಿಕೊಂಡಿತು. ನಾನು ಕುದಿದುಹೋಗಿ ಉದ್ದನೆಯ ವಿಮರ್ಶೆ ಬರೆದೆ. ಸಂಪಾದಕರು ಅದರಲ್ಲಿ ಛಾಯಾಗ್ರಹಣದ ಬಗ್ಗೆ ಇದ್ದ ಎರಡು ಸಾಲು ಉಳಿಸಿ, ಮಿಕ್ಕದ್ದನ್ನು ಕತ್ತರಿಸಿ, "ಸಂಸಾರ ಸಮೇತ ನೋಡಬಹುದಾದ ಚಿತ್ರ" ಎಂದು ತಾವೇ ಸೇರಿಸಿದರು. ಇಡೀ ಸಿನಿಮಾದಿಂದ ಪತ್ರಿಕೆ ಪಡೆದುಕೊಂಡದ್ದು ಇಷ್ಟು!

ಅತ್ತೆಯ ಕೊಟ್ಟಿಗೆಯಲ್ಲಿ ಅದೇ ಚಿತ್ರ ಹೀಗೆ ಮುಗಿಯಿತು: ಹೆಂಡತಿ ಹೊಲಿಗೆ ಮೆಷಿನ್ ಇಟ್ಟುಕೊಳ್ಳುತ್ತಾಳೆ. ಗಂಡ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಅವಳು ಒಂದು ಚೊಂಬು ನೀರು ಕೊಡುತ್ತಾಳೆ. ಅವನು ಕುಡಿಯುತ್ತಾನೆ. "ಬಾಯಾರಿಕೆ ಹೋಯ್ತಲ್ಲ, ಹೊರಡು" ಎನ್ನುತ್ತಾಳೆ. ಶುಭಂ.

ಆ ವಾರದಲ್ಲೇ ಇನ್ನೊಂದು ಸಂಗತಿ ನಡೆದಿತ್ತು. ಆಗ ನನಗದು ಸಂಗತಿ ಎನಿಸಿರಲಿಲ್ಲ. ನಾನು ಊರಿಗೆ ಹೋಗಿದ್ದೆ. ಹಲ್ಲಿನ ಡಾಕ್ಟರಿಗೆ ತೋರಿಸಬೇಕೆಂದು ಅತ್ತೆ ಒಬ್ಬಳೇ ತಿಪಟೂರಿಗೆ ಹೋಗಿದ್ದಳು. ಬಸ್ಸು ಬಂದಾಗ ಅವಳು ಇಳಿಯಲಿಲ್ಲ. ದೀಪ ಹಚ್ಚಿ ಎಷ್ಟೋ ಹೊತ್ತಾದ ಮೇಲೆ ಕೈಯಲ್ಲಿ ಚಪ್ಪಲಿ ಹಿಡಿದು, ಮೊಣಕಾಲಿನವರೆಗೆ ಧೂಳು ಮೆತ್ತಿಕೊಂಡು ಬಂದಳು. "ಟ್ರ್ಯಾಕ್ಟರ್ ಸಿಕ್ತು, ಅದೂ ಪಂಚರ್ ಆಯ್ತು" ಎಂದಳು. ಆಗ ಮಳೆ ಹನಿಯುತ್ತಿತ್ತು ಎಂದು ಬರೆಯಲು ಕೈ ಹೋಗುತ್ತಿದೆ. ಹನಿಯುತ್ತಿರಲಿಲ್ಲ, ಧೂಳಿತ್ತು ಎಂದು ಈಗ ತಾನೇ ಹೇಳಿದೆನಲ್ಲ. ನೆನಪಿಗೆ ಇಂಥ ಅಲಂಕಾರದ ಚಪಲ ಬಹಳ, ಅದನ್ನು ನಂಬಬಾರದು.

ತಿಂಗಳೊಪ್ಪತ್ತಿನಲ್ಲಿ ಚಿತ್ರ ಟಾಕೀಸಿನಿಂದ ಹೋಯಿತು, ಅದರ ಕೊನೆ ಮಾತ್ರ ಊರಿನಲ್ಲಿ ಉಳಿದುಕೊಂಡಿತು. ಮಂಜ ಕೂಗಾಡಿದಾಗಲೆಲ್ಲ ರತ್ನ ತಣ್ಣಗೆ, "ಪಿಕ್ಚರ್‌ನಾಗೆ ಅವ್ಳು ಹೋದ್ಲಾ?" ಎನ್ನತೊಡಗಿದಳು. ಪುಟ್ಟಯ್ಯ ಗಲ್ಲ ಕೆರೆದುಕೊಂಡು, "ಅದೂ ದಿಟವೇ. ಗೌರ್ಮೆಂಟೇ ಸಯ್ಯಿ ಹಾಕೈತೆ" ಎನ್ನುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ, ಹೆಂಗಸರು ಚಿಪ್ಪು ಬಿಡಿಸುತ್ತಿದ್ದ ಅತ್ತೆಯ ಕೊಟ್ಟಿಗೆಯಲ್ಲೇ ಒಂದು ಕಡೆ ಕೂತು ನಾನು ಉಣ್ಣುತ್ತಿದ್ದೆ. ಮಂಜ ಒಳಗೆ ನುಗ್ಗಿದ. ಅವನ ಹಿಂದೆ ಪುಟ್ಟಯ್ಯ.

"ದೊಡ್ಡಮ್ಮ, ಸುಳ್ಳು ಹೇಳಿ ನಮ್ಮನೆ ಹಾಳು ಮಾಡ್ಬೇಡ. ನಾನು ಬೈಕ್‌ನಾಗೆ ಹೋಗಿ ಸೆಕೆಂಡ್ ಶೋ ನೋಡಿದ್ದೆ. ಕೊನೇಲಿ ಅವ್ಳು ಗಂಡನ ಕಾಲಿಗೆ ಬಿದ್ದು ಮನೆಗೆ ಹೋಗ್ತಾಳೆ. ನೀರೂ ಇಲ್ಲ, ಚೊಂಬೂ ಇಲ್ಲ!"

"ಸೆಕೆಂಡ್ ಶೋನಾಗೆ ನೀನು ಗೊರಕೆ ಹೊಡೆಯೋದು ಊರಿಗೇ ಗೊತ್ತು ಕಣ್ಲಾ," ಎಂದಳು ಅತ್ತೆ, ಕೈಯಲ್ಲಿದ್ದ ಕಾಯಿಯಿಂದ ಕಣ್ಣೆತ್ತದೆ. "ನಿದ್ದೆಗಣ್ಣಲ್ಲಿ ನಿನ್ನ ಪಿಕ್ಚರ್ ನೀನು ನೋಡಿದ್ದೀಯ."

ಹೆಂಗಸರು ನಕ್ಕರು. ಪುಟ್ಟಯ್ಯನೂ ತುಟಿ ಸಡಿಲಿಸಿದ. ಮಂಜನಿಗೆ ರೇಗಿತು. "ಅಪ್ಪ, ದೊಡ್ಡಮ್ಮನ ಮಾತು ಕೇಳಿ ಕುಣೀಬೇಡ. ನಾಳೆ ಬೆಳಗ್ಗೆ ಬಸ್ಸಿಗೆ ಇವಳನ್ನ ಬಿಟ್ಬತ್ತೀನಿ. ಇವಳ ಗಂಡ ಬದಲಾಗವ್ನೆ. ಇನ್ಮೇಲೆ ಮುಟ್ಟಲ್ಲ ಅಂದವ್ನೆ."

ಅತ್ತೆ ಕುಡುಗೋಲು ಕೆಳಗಿಟ್ಟಳು. ಅವಳ ದನಿ ಅಷ್ಟು ಏರಿದ್ದನ್ನು ನಾನು ಕೇಳಿರಲಿಲ್ಲ. "ಏನ್ಲಾ ಬದಲಾಗೋದು? ಒಂದು ಹಸಿರು ಸೀರೆ ತಂದು ಮುಂದೆ ಹಿಡಿದ್ಬುಟ್ರೆ ಎಲ್ಲಾ ಆಗೋಯ್ತಾ? ಮುರಿದ ಕೈ ನೆಟ್ಟಗಾಯ್ತದಾ?"

ಮಂಜ ಪಿಳಿಪಿಳಿ ನೋಡಿದ. "ಯಾವ ಹಸಿರು ಸೀರೆ? ಅವ್ನು ಯಾವ ಸೀರೆನೂ ತಂದಿಲ್ಲ." ಅವನು ನಿಜಕ್ಕೂ ನಿದ್ದೆ ಮಾಡಿದ್ದ, ಕಾಲಿಗೆ ಬೀಳುವಾಗ ಎದ್ದಿದ್ದ.

ನನ್ನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಹಸಿರು ಸೀರೆ ಇರುವುದು ಕೊನೆಯ ರೀಲಿನಲ್ಲಿ. ಕಂಡಕ್ಟರು ಕೂಗಿ, ಬಸ್ಸು ಹೊರಟು, ಟಾಕೀಸಿನಲ್ಲಿ ನಮ್ಮೂರಿನ ಒಬ್ಬ ಹೆಂಗಸೂ ಉಳಿಯದ ಮೇಲೆ ಬರುವ ಸೀರೆ ಅದು. ಅದರ ಬಣ್ಣ ಇವಳಿಗೆ ಹೇಗೆ ಗೊತ್ತು?

ಅತ್ತೆಗೂ ಆಡಿದ ಮೇಲೆ ಹೊಳೆಯಿತು. ಅವಳು ನನ್ನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ.

"ಬ್ಯಾಡ, ಜಗಳ ಬ್ಯಾಡ," ಎಂದ ಪುಟ್ಟಯ್ಯ ನನ್ನತ್ತ ತಿರುಗಿದ. "ನೀವು ಪೇಪರ್‌ನಾಗೆ ಬರೆಯೋರು. ಕಡೇತಂಕ ಕೂತು ನೋಡೋರು. ಅಕ್ಕಯ್ಯನ ಕಡೆಗೂ ಬ್ಯಾಡ, ನನ್ನ ಮಗನ ಕಡೆಗೂ ಬ್ಯಾಡ. ಸರ್ಕಾರ ಒಪ್ಪಿರೋದು ಯಾವುದು? ಅವ್ಳು ಹೋದ್ಲಾ, ಇಲ್ವಾ? ನೀವು ಹೆಂಗಂತೀರೋ ಹಂಗೆ ಮಾಡ್ತೀನಿ."

ಎಂಥ ಅನ್ಯಾಯ ನೋಡಿ! ವರ್ಷಗಟ್ಟಲೆ ಈ ಊರಿನಲ್ಲಿ ನನ್ನ ಮಾತಿಗೆ ಕಿವಿಗೊಟ್ಟವರಿಲ್ಲ. ಮೊದಲ ಸಲ ಒಬ್ಬ ಓದುಗ, ನಾನು ಹೇಳಿದಂತೆ ನಡೆಯುತ್ತೇನೆ ಎಂದು ಮುಂದೆ ನಿಂತಿದ್ದಾನೆ. ವಿಮರ್ಶಕನಿಗೆ ಇಂಥ ಗಳಿಗೆ ಎಷ್ಟು ಸಲ ಬಂದೀತು? ಸರ್ಟಿಫಿಕೇಟಿನ ಸಹಿಗೆ ಆ ಅರ್ಥವಿಲ್ಲ ಮಾರಾಯ ಎಂದು ವಿವರಿಸಬಹುದಿತ್ತು. ವಿವರಿಸಿದ್ದರೆ ಪುಟ್ಟಯ್ಯನ ಕೈಯಲ್ಲಿ ಮಗಳನ್ನು ಉಳಿಸಿಕೊಳ್ಳಲು ಇದ್ದ ಒಂದೇ ನೆಪವೂ ಹೋಗುತ್ತಿತ್ತು. ಮೂಲೆಯಲ್ಲಿ ರತ್ನ ಕುಟ್ಟುವುದನ್ನು ನಿಲ್ಲಿಸಿದ್ದಳು. ಸೊಟ್ಟ ಕೈಯಲ್ಲಿ ಅರ್ಧ ಚಿಪ್ಪು ಬಿಟ್ಟ ಕಾಯಿ.

"ನಾನು ಕೊನೆ ನೋಡಲಿಲ್ಲ ಪುಟ್ಟಯ್ಯ," ಎಂದೆ. "ಆವತ್ತು ಊರಿಗೆ ಬರೋದಿತ್ತು. ಕಂಡಕ್ಟರ್ ಕೂಗಿದ, ಬಸ್ಸಿಗೆ ಎದ್ದು ಬಂದೆ. ಆದರೆ ಬರುವಾಗ ಗೇಟಿನವನು ಹೇಳಿದ, ಅವಳು ಹೋಗೋದಿಲ್ಲ ಅಂತ."

"ಥೂ! ಪೇಪರ್‌ನೋನಂತೆ!" ಎಂದು ಮಂಜ ಉಗಿದ. "ಪಿಕ್ಚರ್ ನೋಡ್ದೆ ಬರೀತಾನಂತೆ!" ಈ ಮಾತು ಸಂಜೆಯೊಳಗೆ ಊರೆಲ್ಲ ಹರಡಿತು; ನನ್ನ ವಿಮರ್ಶೆಗಳ ವಿಷಯದಲ್ಲಿ ಇಂದಿಗೂ ಅಲ್ಲಿ ಇರುವ ಅಭಿಪ್ರಾಯ ಅದೇ. ಪುಟ್ಟಯ್ಯ ಮಾತ್ರ ಹೆಗಲ ಟವೆಲು ಕೊಡವಿ, "ಮತ್ತೆ ಇನ್ನೇನು? ಗೇಟಿನೋನೇ ಹೇಳವ್ನೆ" ಎಂದು ಮಗನನ್ನು ಎಳೆದುಕೊಂಡು ಹೋದ. ಮೂಲೆಯಲ್ಲಿ ಮತ್ತೆ ಟಕ್ ಟಕ್ ಶುರುವಾಯಿತು.

ರತ್ನ ಮುಂದೆ ಹೊಲಿಗೆ ಮೆಷಿನ್ ಇಟ್ಟಳು ಎಂದು ಬರೆದರೆ ಓದುವವರಿಗೆ ಸಮಾಧಾನ. ಇಡಲಿಲ್ಲ. ಗಂಡನ ಮನೆಗೆ ಹೋಗಲಿಲ್ಲ, ಅಷ್ಟೆ.

ಎಲ್ಲರೂ ಹೋದ ಮೇಲೆ ಅತ್ತೆ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು. ಬೇಡ ಎಂದರೆ ಕೇಳಲಿಲ್ಲ. "ತಿನ್ನು. ರೂಢಿಯಿಲ್ಲದ ಕೆಲ್ಸ ಮಾಡಿದ್ದೀಯ."

"ಅತ್ತೆ, ಆವತ್ತು ಹಲ್ಲಿನ ಡಾಕ್ಟರ ಹತ್ರ ಹೋಗಲೇ ಇಲ್ಲ, ಅಲ್ವಾ?"

"ನನ್ನ ಹಲ್ಲಿಗೆ ಏನಾಗೈತೆ?"

"ಟ್ರ್ಯಾಕ್ಟರು?"

"ಯಾವ ಟ್ರ್ಯಾಕ್ಟರು?"

"ಮತ್ತೆ ಅಷ್ಟು ದೂರ ನಡ್ಕೊಂಡೇ ಬಂದ್ಯಾ?"

ಅತ್ತೆ ನೆಲದ ಮೇಲಿನ ಚಿಪ್ಪಿನ ಚೂರುಗಳನ್ನು ಕೈಯಿಂದಲೇ ಒಂದೆಡೆ ಸರಿಸಿದಳು. "ಆ ಹುಡುಗಿ ದಿನಾ ಕೇಳ್ತಿದ್ಲು ಕಣ್ಲಾ, ದಿಟವಾಗ್ಲೂ ಅವ್ಳು ಹೋಗಲ್ವಾ ಅಂತ. ಹೋಗಿ ನೋಡೇ ಬುಡಾನ ಅಂತ ಕೂತ್ಕಂಡೆ. ನೋಡಿದ್ರೆ, ಹಂಗ್ ಮುಗಿಸವ್ರೆ!" ಚೂರುಗಳನ್ನು ಮೊರಕ್ಕೆ ತುಂಬಿಕೊಂಡಳು. "ಅದನ್ನ ಹೊತ್ಕಂಡು ಹೆಂಗೆ ಮನೆಗೆ ಬರ್ಲಿ? ನಡೀತಾ ನಡೀತಾ ಮರೆತೆ. ಮರೆಯೋಕೆ ಅಷ್ಟು ದೂರ ಬೇಕಾಯ್ತು."