ಗಂಡಸರಿಗೆ ಸುಲಭವಾದ ಜಪಾನಿ ಹಾಡು

ನನ್ನ ಕಂಠ ಎಂಥದ್ದು ಎಂದು ನನಗೆ ಚೆನ್ನಾಗಿ ಗೊತ್ತು. ನನ್ನನ್ನು ಬಲ್ಲವರಿಗೆ ಇನ್ನೂ ಚೆನ್ನಾಗಿ ಗೊತ್ತು. ಆದರೂ ಸಿಯಾಟಲ್ ಸುತ್ತಮುತ್ತ ಎಲ್ಲೇ ನಾಲ್ಕು ಕನ್ನಡದವರು ಸೇರಲಿ, ಮೈಕು ಸುತ್ತಿ ಬಳಸಿ ನನ್ನ ಕೈಗೇ ಬರುತ್ತದೆ. ಗಣೇಶನ ಹಬ್ಬದಲ್ಲಿ ಬಂದಿದೆ. ಸ್ನೇಹಿತರ ಮಗುವಿನ ನಾಮಕರಣದಲ್ಲೂ ಬಂದಿದೆ; ಮಗು ಅತ್ತದ್ದು ಹಸಿವಿನಿಂದ ಎಂದು ಎಲ್ಲರೂ ನನಗೆ ಸಮಾಧಾನ ಹೇಳಿದರು. ಈ ಸಲ ಮಾತ್ರ ಮೈಕನ್ನು ನಾನೇ ಕೇಳಿ ಇಸಿದುಕೊಂಡೆ.

ಕಾರಣ ನಮ್ಮ ಮ್ಯಾನೇಜರ್. ಜಪಾನಿನವರು, ಮಿತಭಾಷಿ. ಹನ್ನೊಂದು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದೆ. ಎರಡು ಸಲ ಲೇಆಫ್ ಬಂದಾಗ ನನ್ನ ಪರವಾಗಿ ನಿಂತು ಕೆಲಸ ಉಳಿಸಿದವರು ಅವರೇ. ಥ್ಯಾಂಕ್ಸ್ ಹೇಳಲು ಹೋದಾಗಲೆಲ್ಲ, "ಆ ಬಗ್ ಸರಿಹೋಯಿತಾ?" ಎಂದು ಮಾತು ಬದಲಿಸುತ್ತಿದ್ದರು. ಈಗ ನಿವೃತ್ತರಾಗಿ ತಮ್ಮ ಊರಿಗೆ ಹೊರಟಿದ್ದರು. ಬೀಳ್ಕೊಡುಗೆ ಎಂದರೆ ಕರಿಯೋಕಿ ಪಾರ್ಟಿ, ಯಂತ್ರ ನುಡಿಸುವ ಸಂಗೀತಕ್ಕೆ ಬಂದವರೇ ಹಾಡುವುದು, ಎಂದು ಗೊತ್ತಾದ ಕೂಡಲೇ ನಾನು ನಿಶ್ಚಯಿಸಿದೆ: ಜಪಾನಿ ಭಾಷೆಯಲ್ಲೇ ಒಂದು ಹಾಡು ಹಾಡಿ, ಅದೇ ಬಿಸಿಯಲ್ಲಿ ಆ ಥ್ಯಾಂಕ್ಸ್ ಹೇಳಿಯೇ ಬಿಡಬೇಕು. ಸಮಯವಿದ್ದದ್ದು ಮೂರೇ ವಾರ.

೧. ಸುಲಭ ಯಾರಿಗೆ?

ಇಂಟರ್‌ನೆಟ್ಟಿನಲ್ಲಿ "ಗಂಡಸರು ಹಾಡಲು ಸುಲಭವಾದ ಜಪಾನಿ ಹಾಡುಗಳು" ಎಂದು ಹುಡುಕಿದೆ. ಉದ್ದದ ಪಟ್ಟಿಯೇ ಸಿಕ್ಕಿತು. ಜಗತ್ತಿನಲ್ಲಿ ನನ್ನಂಥ ಗಂಡಸರು ಬಹಳ ಇದ್ದಾರೆ ಎಂದು ಧೈರ್ಯ ಬಂತು.

ಮೊದಲನೆಯ ಸುಲಭದ ಹಾಡಿನಲ್ಲಿ ಗಾಯಕ ಉಸಿರು ಎಳೆದುಕೊಂಡದ್ದೇ ನನಗೆ ಕಾಣಲಿಲ್ಲ. ಎರಡನೆಯದರಲ್ಲಿ ಅವನು ಹತ್ತಿದ ಎತ್ತರಕ್ಕೆ ನಾನು ಹತ್ತಬೇಕಾದರೆ ಏಣಿ ಬೇಕು. ಮೂರನೆಯದು ಹರಾಜು ಕೂಗುವವನ ವೇಗದಲ್ಲಿತ್ತು. ಕೊನೆಗೆ ಹೈಸ್ಕೂಲಿನಲ್ಲಿ ಜಪಾನಿ ಕಲಿಯುತ್ತಿರುವ ಮಗಳಿಗೆ ಶರಣಾದೆ. ನಾವು ಕನ್ನಡದಲ್ಲಿ ಏನೇ ಕೇಳಲಿ, ಅವಳ ಉತ್ತರ ಇಂಗ್ಲಿಷಿನಲ್ಲಿ. ಐದು ನಿಮಿಷದಲ್ಲಿ ಹಳೆಯ ಕಾಲದ, ಆಮೆವೇಗದ ಹಾಡೊಂದನ್ನು ಆರಿಸಿ, ಸಾಹಿತ್ಯವನ್ನು ನಿಧಾನವಾಗಿ ಓದಿ ಹೇಳಿದಳು. ನಾನು ಕನ್ನಡ ಲಿಪಿಯಲ್ಲಿ ಬರೆದುಕೊಂಡೆ.

"ಅರ್ಥ ಏನಮ್ಮ?" ಎಂದೆ.

ಒಬ್ಬ ಮೀನುಗಾರ ಹಿಮ ಬೀಳುವ ಬಂದರಿನಲ್ಲಿ ಒಬ್ಬನೇ ಕೂತು ಅಳುತ್ತಾನೆ, ಅಷ್ಟೇ, ಎಂದಳು. ಹಾಡುವುದಕ್ಕೆ ದೊಡ್ಡ ಕಂಠವೇನೂ ಬೇಡ, ನೋವಿದ್ದರೆ ಸಾಕು ಎಂದೂ ಸೇರಿಸಿದಳು.

ಅಡುಗೆಮನೆಯಿಂದ ಹೆಂಡತಿ ಕೇಳಿದಳು: "ನೋವು ಹಾಡೋರಿಗಾ, ಕೇಳೋರಿಗಾ?"

೨. ಕಾರ್‌ಪೂಲ್ ಲೇನಿನ ಸಂಗೀತ ಪಾಠ

ನಮ್ಮ ಮನೆ ಇಸ್ಸಾಕ್ವಾದ ಗುಡ್ಡದ ಮೇಲೆ, ಆಫೀಸು ಡೌನ್‌ಟೌನ್ ಬೆಲ್ವ್ಯೂನಲ್ಲಿ. ಪಕ್ಕದ ಮನೆಯವರು ಮೈಸೂರಿನವರು, ನಮ್ಮ ಟೀಮಿನಲ್ಲೇ ಇದ್ದಾರೆ, ದಿನಾ ನನ್ನ ಕಾರಿನಲ್ಲೇ ಬರುತ್ತಾರೆ. ಕಾರಿನಲ್ಲಿ ಇಬ್ಬರಿದ್ದರೆ ಕಾರ್‌ಪೂಲ್ ಲೇನಿನಲ್ಲಿ ಸರ್ರನೆ ಹೋಗಬಹುದು. ಚಿಕ್ಕಂದಿನಲ್ಲಿ ಸಂಗೀತ ಕಲಿತವರು, ಪ್ರತಿ ಶನಿವಾರ ಸಂಜೆ ಅವರ ಮನೆಯಲ್ಲಿ ಭಜನೆ. ಇಂಥ ಗುರು ಪಕ್ಕದ ಸೀಟಿನಲ್ಲೇ ಇರುವಾಗ ಬಿಡುವುದುಂಟೇ?

ಮೊದಲ ದಿನ ಮೂಲ ಹಾಡನ್ನು ಕೇಳಿಸಿದೆ. ಅವರು ಸೀಟಿನಿಂದ ಎದ್ದೇ ಬಿಟ್ಟರು. "ಏನ್ರೀ ಇದು! ಅಪ್ಪಟ ಮೋಹನ ರಾಗ! ಸಮುದ್ರದ ಆಚೆಗೂ ನಮ್ಮ ಮೋಹನ ಇದೆ ನೋಡಿ!" ಎಂದು ತೊಡೆ ತಟ್ಟಿ ತಾಳ ಹಾಕಿದರು. ಅವರ ಕಣ್ಣು ತುಂಬಿದ್ದನ್ನು ನಾನೇ ನೋಡಿದೆ.

ಎರಡನೆಯ ದಿನದಿಂದ ನಾನು ಹಾಡಿದೆ. ಅವರು ಕಿಟಕಿಯ ಹೊರಗೆ ನೋಡುತ್ತಾ ಕುಳಿತರು. ನಾಲ್ಕನೆಯ ದಿನ ಮೆಲ್ಲಗೆ, "ನೀವು ಹಾಡ್ತಿರೋದು ಮೋಹನ ಅಲ್ಲ" ಎಂದರು.

"ಮತ್ಯಾವ ರಾಗ ಸಾರ್?"

"ನಾಳೆಯಿಂದ ನಾನು ಬಸ್ಸಲ್ಲಿ ಬರ್ತೀನಿ."

೩. ಯಂತ್ರ ಕೊಟ್ಟ ಮಾರ್ಕ್ಸು

ಪಾರ್ಟಿಗೆ ಒಂದು ವಾರ ಮುಂಚೆ ನಿಜವಾದ ಯಂತ್ರದ ಮುಂದೆ ಒಮ್ಮೆ ಹಾಡಿ ನೋಡೋಣವೆಂದು, ಶನಿವಾರ ಬೆಳಿಗ್ಗೆ ಟೋಟೆಮ್ ಲೇಕ್ ಕಡೆಯ ಒಂದು ಕರಿಯೋಕಿ ಕೋಣೆ ಬಾಡಿಗೆಗೆ ಹಿಡಿದೆ. ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಹೋದೆ. ಹಾಡು ಮುಗಿದ ಮೇಲೆ ಆ ಯಂತ್ರ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ಟ್ಯೂಷನ್ನಿಗೆ ಹೋಗಿ ಹೋಗಿಯೇ ಬೆಳೆದ ನನಗೆ ಅಂಕ ಎಂದ ಕೂಡಲೇ ಅಂಗೈ ಬೆವರಿತು.

ಸಾಹಿತ್ಯ ತಪ್ಪಲಿಲ್ಲ. ದಾರಿ ತಪ್ಪಿಸಿದ್ದು ಸಂಸ್ಕಾರ. ನಮ್ಮಲ್ಲಿ ಒಂದು ಚರಣ ಮುಗಿದರೆ ಮತ್ತೆ ಪಲ್ಲವಿಗೆ ಬರುತ್ತೇವಲ್ಲ, ನಾನೂ ಬಂದೆ. ಯಂತ್ರ ಬರಲಿಲ್ಲ, ಮುಂದಿನ ಚರಣಕ್ಕೆ ಹೋಯಿತು. ಅಟ್ಟಿಸಿಕೊಂಡು ಹೋಗಿ ಹಿಡಿದೆ. ಆ ಚರಣ ಮುಗಿದ ಮೇಲೆ ನಾಲಿಗೆ ಮತ್ತೆ ಪಲ್ಲವಿಗೇ ಓಡಿತು. ಕೊನೆಗೆ ಪರದೆಯ ಮೇಲೆ ಮೂವತ್ತೊಂದು ಎಂದು ಬಂತು. ಪಾಸಾಗಲು ಇನ್ನೂ ನಾಲ್ಕು ಬೇಕಿತ್ತು.

"ಹಾಡ್ತಾ ಹಾಡ್ತಾ ರಾಗ..." ಎಂದೆ ನಾನು.

"ನರಳ್ತಾ ನರಳ್ತಾ ರೋಗ" ಎಂದು ಹೆಂಡತಿ ಮುಗಿಸಿದಳು.

ಮತ್ತೆ ಶುರು ಮಾಡಿದೆ. ಮತ್ತೆ ಪಲ್ಲವಿಗೆ ಹೋದೆ. ಅವಳು ತಾಳ್ಮೆಗೆಟ್ಟು ಮೈಕು ಕಿತ್ತುಕೊಂಡಳು. "ಎಷ್ಟು ಸಲ ಹೇಳೋದ್ರೀ ನಿಮಗೆ? ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಥರ! ಮನೇಲೂ ಹೀಗೇ, ಒಂದು ಸಾಮಾನು ತನ್ನಿ ಅಂದ್ರೆ ತಂದಿದ್ದನ್ನೇ ತರ್ತೀರಿ!" ಹಿಂದೆ ಸಂಗೀತ ಹರಿಯುತ್ತಲೇ ಇತ್ತು. ಹಾಡು ಮುಗಿಯುವವರೆಗೂ ಬೈದಳು.

ಯಂತ್ರ ಅವಳಿಗೆ ಎಪ್ಪತ್ತೆಂಟು ಕೊಟ್ಟಿತು.

೪. ಬೀಳ್ಕೊಡುಗೆ

ಪಾರ್ಟಿ ಶುಕ್ರವಾರ ಮಧ್ಯಾಹ್ನ, ಆಫೀಸಿನ ದೊಡ್ಡ ಹಾಲಿನಲ್ಲಿ. ಎಲ್ಲರ ಸಂಸಾರಗಳೂ ಬಂದಿದ್ದವು, ನಮ್ಮ ಕನ್ನಡದವರೇ ಎಂಟು ಮನೆಯವರು. ಮ್ಯಾನೇಜರ್ ಮೂಲೆಯಲ್ಲಿ ನಿಂತು ಚಾಪ್‌ಸ್ಟಿಕ್ಕಿನಿಂದ ಕೋಸಂಬರಿಯ ಒಂದೊಂದೇ ಬೇಳೆ ಹೆಕ್ಕುತ್ತಿದ್ದರು. ಮುಖ ಸ್ವಲ್ಪ ಬಾಡಿತ್ತು. ಹೊರಟು ಹೋಗುವ ದುಃಖ ಎಂದುಕೊಂಡೆ. ಮುಂದೆ ಹೋಗಿ ಮೈಕು ಇಸಿದುಕೊಂಡೆ.

ಮೊದಲ ಚರಣ ಹೇಗೋ ದಾಟಿತು. ಎರಡನೆಯದರ ಮೊದಲ ಸಾಲು ಹಾಡಿದೆ, ಮುಂದಿನದು ಖಾಲಿ! ಕನ್ನಡದಲ್ಲಿ ಬರೆದುಕೊಂಡ ಚೀಟಿ ಮನೆಯಲ್ಲಿತ್ತು, ಪರದೆಯ ಮೇಲಿದ್ದದ್ದು ಜಪಾನಿ ಲಿಪಿ. ಬೇರೆ ದಾರಿಯಿಲ್ಲದೆ ಅದೇ ಸಾಲನ್ನು ಮತ್ತೊಮ್ಮೆ ಹಾಡಿದೆ.

ಭಜನೆಯಲ್ಲಿ ಮುಂದಾಳು ಒಂದು ಸಾಲನ್ನು ಎರಡು ಸಲ ಹೇಳಿದರೆ, ಈಗ ನೀವು ಹೇಳಿ ಎಂದು ಲೆಕ್ಕ. ಹಿಂದೆ ನಿಂತಿದ್ದ ಪಕ್ಕದ ಮನೆಯವರು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿ ಆ ಸಾಲನ್ನು ಎತ್ತಿಕೊಂಡೇಬಿಟ್ಟರು. ಎಂಟು ಮನೆಯವರೂ ದನಿಗೂಡಿಸಿದರು. ನನ್ನ ಹೆಂಡತಿ ಸ್ಟೀಲ್ ತಟ್ಟೆಗೆ ಚಮಚ ಬಡಿದಳು. ತೆಲುಗಿನವರೂ ತಮಿಳಿನವರೂ ಸೇರಿದರು. ಹಿಮದಲ್ಲಿ ಒಬ್ಬನೇ ಅಳಬೇಕಾಗಿದ್ದ ಮೀನುಗಾರನ ಸುತ್ತ ನಲವತ್ತು ಜನ ಚಪ್ಪಾಳೆ ತಟ್ಟುತ್ತಿದ್ದರು. ಯಂತ್ರ ಯಾವಾಗಲೋ ನಿಂತಿತ್ತು, ನಾವು ನಿಲ್ಲಿಸಲಿಲ್ಲ. ಮುಗಿದಾಗ ಯಾರೋ "ಗೋವಿಂದಾ... ಗೋವಿಂದ!" ಎಂದು ಕೂಗಿದರು.

ಮ್ಯಾನೇಜರ್ ಕಣ್ಣು ಒರೆಸಿಕೊಳ್ಳುತ್ತಿದ್ದರು. ಇದೇ ಸಮಯವೆಂದು ಹತ್ತಿರ ಹೋಗಿ, "ಹನ್ನೊಂದು ವರ್ಷದಿಂದ ನಿಮಗೊಂದು ಮಾತು ಹೇಳ್ಬೇಕು ಅಂತ..." ಎಂದು ಇಂಗ್ಲಿಷಿನಲ್ಲಿ ಶುರುಮಾಡಿದೆ. ಅವರು ಕೈ ಎತ್ತಿ ತಡೆದರು.

"ಈ ಹಾಡು ನನಗೆ ಗೊತ್ತು. ಟೋಕಿಯೋದಲ್ಲಿ ನನ್ನ ಮೊದಲನೇ ಬಾಸ್ ವಾರವಾರ ಇದನ್ನೇ ನನ್ನ ಕೈಲಿ ಹಾಡಿಸ್ತಿದ್ರು. ಎಲ್ಲರೂ ನಗ್ತಿದ್ರು. ಅದನ್ನ ತಪ್ಪಿಸ್ಕೊಳ್ಳೋಕೇ ನಾನು ಅಮೆರಿಕಾಗೆ ಟ್ರಾನ್ಸ್‌ಫರ್ ಕೇಳ್ಕೊಂಡು ಬಂದಿದ್ದು."

ನಾನು ಮೈಕನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.

"ಈಗ ವಾಪಸ್ ಹೋಗ್ತಿದೀನಿ. ಭಾವಮೈದ ಆಗಲೇ ಊರಿನ ನಿವೃತ್ತರ ಕರಿಯೋಕಿ ಕೂಟಕ್ಕೆ ನನ್ನ ಹೆಸರು ಬರೆಸಿದಾನೆ. ವಾರಕ್ಕೆ ಮೂರು ದಿನ. ಒಂದು ತಿಂಗಳಿಂದ ಅದೇ ಯೋಚನೆ, ಊಟ ಸೇರ್ತಾ ಇರಲಿಲ್ಲ."

ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಸೊಂಟ ಬಾಗಿಸಿ, ಪೂರ್ತಿ ಬಗ್ಗಿ ನನಗೆ ನಮಸ್ಕರಿಸಿದರು.

"ನಿಮ್ಮ ಹಾಡು ಕೇಳಿ ನನ್ನ ಹೆದರಿಕೆ ಪೂರ್ತಿ ಹೋಯ್ತು. ನಾನು ಎಷ್ಟೇ ಪ್ರಯತ್ನಪಟ್ಟರೂ ಇದಕ್ಕಿಂತ ಕೆಟ್ಟದಾಗಿ ಹಾಡೋಕಾಗಲ್ಲ. ಥ್ಯಾಂಕ್ ಯೂ."

ಥ್ಯಾಂಕ್ಸ್ ನಾನು ಹೇಳಬೇಕಾದದ್ದು ಎಂದು ತಡವರಿಸಿದೆ. ಸಂತೋಷಕ್ಕೋ ಅವಮಾನಕ್ಕೋ, ನನ್ನ ಕಣ್ಣಲ್ಲೂ ನೀರು ಬಂದಿತ್ತು. ಅವರು ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳದೆ ಜೇಬಿನಿಂದ ಫೋನು ತೆಗೆದರು.

"ಇನ್ನೊಂದು ಸಲ ಹಾಡ್ತೀರಾ? ರೆಕಾರ್ಡ್ ಮಾಡ್ಕೊಳ್ತೀನಿ. ಅಲ್ಲಿ ಧೈರ್ಯ ಕಡಿಮೆ ಆದಾಗ ಕೇಳೋಕೆ ಬೇಕು."