ನಾನು ಡಿಸ್ಕು ತೊಳೆದ ಪ್ರಸಂಗ

ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದೆ. ನಗರಗೆರೆಯ ಹೊಲಕ್ಕೆ ಹೋಗಿದ್ದ ನಮ್ಮ ಯಜಮಾನರಿಂದ ಫೋನು ಬಂತು. ಪಂಪು ಕೆಟ್ಟಿದೆ, ತಾನು ಬರುವುದು ಸಂಜೆಯಾಗುತ್ತದೆ, ನಾಳೆ ಕ್ಲಾಸಿಗೆ ಮೂವರು ಹೊಸಬರು ಸೇರುತ್ತಾರೆ, ಅವರಿಗೆ ಕಂಪ್ಯೂಟರಿನಲ್ಲಿ ಜಾಗ ಮಾಡಿಡಬೇಕು ಎಂದರು.

"ಅದೇನು ಮಹಾ ಕೆಲಸ, ಮಾಡಿಡ್ತೀನಿ" ಎಂದೆ. ಅಷ್ಟು ಧೈರ್ಯದ ಮಾತನ್ನು ಆ ದಿನ ನಾನು ಮತ್ತೆ ಆಡಲಿಲ್ಲ.

ಗೌರಿಬಿದನೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಯಜಮಾನರು ಕಂಪ್ಯೂಟರ್ ಕ್ಲಾಸು ನಡೆಸುತ್ತಾರೆ. ಎಂಟು ಪರದೆಗಳಿವೆ, ಕಂಪ್ಯೂಟರ್ ಮಾತ್ರ ಒಂದೇ. ಅದರೊಳಗೆ ಒಂದು ಸಾಫ್ಟ್‌ವೇರು ನಿಜವಾಗಿ ಇಲ್ಲದ ಎಂಟು ಕಂಪ್ಯೂಟರುಗಳನ್ನು ಸಾಕಿಕೊಂಡಿದೆ. ಅವಕ್ಕೆ ವರ್ಚುವಲ್ ಮಿಷೀನು ಎಂದು ಹೆಸರು. ಒಂದೇ ಒಲೆ, ಎಂಟು ಸೊಸೆಯರು, ಪ್ರತಿಯೊಬ್ಬಳಿಗೂ ಅಡುಗೆಮನೆ ಪೂರ್ತಿ ತನ್ನದೇ ಎಂಬ ನಂಬಿಕೆ! ಜಗಳವಿಲ್ಲದೆ ನಡೆಯುತ್ತಿದೆಯಲ್ಲ, ಅದೇ ದೇವರ ದಯೆ.

ಈ ಸೊಸೆಯರ ಸಾಮಾನು ಇಡುವ ಉಗ್ರಾಣಕ್ಕೆ ಸ್ಟೋರೇಜ್ ಪೂಲ್ ಎನ್ನುತ್ತಾರೆ. ಅದರಲ್ಲಿ ಬಗೆಗಳಿವೆ. ಡೈರೆಕ್ಟರಿ ಎಂದರೆ, ಆಗಲೇ ಸಾಮಾನು ತುಂಬಿರುವ ಬೀರುವಿನಲ್ಲಿ ಒಂದು ಖಾನೆ ಬಿಟ್ಟುಕೊಟ್ಟ ಹಾಗೆ. ಡಿಸ್ಕ್ ಎಂದರೆ ಇಡೀ ಡ್ರಮ್ಮನ್ನೇ ಒಪ್ಪಿಸಿದ ಹಾಗೆ. ಲಾಜಿಕಲ್ ಎಂದರೆ ನಾಲ್ಕು ಡಬ್ಬ ಸೇರಿಸಿ ಒಂದೇ ಡಬ್ಬ ಎಂದುಕೊಳ್ಳುವುದು. ನೆಟ್‌ವರ್ಕ್ ಎಂದರೆ ನಮ್ಮ ಅಕ್ಕಿಯನ್ನು ಪಕ್ಕದ ಮನೆಯಲ್ಲಿಟ್ಟು ಬೇಕಾದಾಗ ಹೋಗಿ ತರುವುದು. ಊಟಕ್ಕೆ ಕೂತಾಗ ಯಜಮಾನರು ಇದನ್ನೆಲ್ಲ ಹೇಳಿಕೊಟ್ಟಿದ್ದರು. ಇಷ್ಟು ವರ್ಷ ಉಗ್ರಾಣ ನೋಡಿಕೊಂಡವಳಿಗೆ ಅದು ಮುದ್ದೆ ಕಟ್ಟುವಷ್ಟರಲ್ಲಿ ಅರ್ಥವಾಯಿತು. ಅರ್ಥವಾಗದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕ್ಲಾಸಿಗೆ ದಿಬ್ಬೂರಹಳ್ಳಿಯಿಂದ ಬಸ್ಸು ಬದಲಾಯಿಸಿಕೊಂಡು ಅನಿತಾ ಎಂಬ ಹುಡುಗಿ ಬರುತ್ತಾಳೆ. ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ಹುಳುವಿಗೆ ಯಾವ ಹೊತ್ತಿಗೆ ಎಷ್ಟು ಸೊಪ್ಪು ಹಾಕಬೇಕು, ಯಾವಾಗ ನಿಲ್ಲಿಸಬೇಕು ಎಂದು ತಿಳಿಸುವ ಒಂದು ಪ್ರೋಗ್ರಾಂ ಅವಳು ಬರೆದಿದ್ದಳು. ನಾಡಿದ್ದು ಚಿಂತಾಮಣಿಯ ಒಂದು ಕಚೇರಿಯಲ್ಲಿ ಅದನ್ನು ತೋರಿಸಬೇಕಿತ್ತು. ಒಪ್ಪಿಗೆಯಾದರೆ ಕೆಲಸ.

ಈ ಅನಿತಾಳ ಮಿಷೀನಿಗೆ ಹಿಂದಿನ ಶುಕ್ರವಾರವೇ ನಾನು ಒಂದು ಉಪಕಾರ ಮಾಡಿದ್ದೆ. ಶುರುಮಾಡುವ ಗುಂಡಿಯ ಬದಲು ನಕಲು ತೆಗೆಯುವ ಗುಂಡಿ ಒತ್ತಿ, ಅಂಥದೇ ಇನ್ನೊಂದು ಮಿಷೀನು ಹುಟ್ಟಿಸಿದ್ದೆ. "ಜಾಗ ದಂಡ, ಅಳಿಸಿಹಾಕು" ಎಂದು ಯಜಮಾನರು ಗೊಣಗಿದ್ದರು. ಶುಕ್ರವಾರ ನಮ್ಮ ಮನೆಯಿಂದ ಏನನ್ನೂ ಆಚೆ ಹಾಕುವ ಪದ್ಧತಿಯಿಲ್ಲ. ಶನಿವಾರ ಹಾಕೋಣ ಎಂದು ಬಿಟ್ಟೆ. ಶನಿವಾರ ಮರೆತೆ.

ಈಗ ಫೋನಿನಲ್ಲಿ ಯಜಮಾನರ ಆಜ್ಞೆ ಸ್ಪಷ್ಟವಾಗಿತ್ತು. "ಎರಡನೇ ಡಿಸ್ಕಲ್ಲಿ ಜಾಗ ಧಾರಾಳ ಇದೆ. ಹೊಸ ಪೂಲ್ ಮಾಡು, ಡೈರೆಕ್ಟರಿ ಅಂತ ಆರಿಸು. ಬೇರೆ ಏನೂ ಆರಿಸಬೇಡ ಕಣೇ."

ಡೈರೆಕ್ಟರಿ! ಅಂದರೆ ಯಾರದೋ ಸಾಮಾನಿನ ಪಕ್ಕ ಇನ್ನೊಬ್ಬರದ್ದು. ದೇವರ ಎಣ್ಣೆಯ ಪಕ್ಕ ಈರುಳ್ಳಿ ಇಟ್ಟರೂ ಬೇಸರಪಟ್ಟುಕೊಳ್ಳದ ಮನುಷ್ಯರು ಹೇಳುವ ಮಾತು ಅದು. ಮೂರು ಮಕ್ಕಳು ಹೊಸದಾಗಿ ವಿದ್ಯೆಗೆ ಬರುತ್ತಿವೆ, ಮಡಿಯಾಗಿ ಇಡೀ ಡ್ರಮ್ಮನ್ನೇ ಕೊಟ್ಟರೆ ನಮ್ಮ ಗಂಟೇನು ಹೋಗುತ್ತದೆ? ದೀಪಕ್ಕೆ ನಮಸ್ಕಾರ ಮಾಡಿ ಬಂದು ಡಿಸ್ಕ್ ಎಂಬುದನ್ನೇ ಆರಿಸಿದೆ.

ಕಂಪ್ಯೂಟರು ಒಪ್ಪಲಿಲ್ಲ. ಆ ಡಿಸ್ಕು ಬಳಕೆಯಲ್ಲಿದೆ ಎಂದಿತು. ನೋಡಿದರೆ ಅದರ ಮೇಲೆ ಹಳೆಯ ಪೂಲೊಂದು ಓಡುತ್ತಿತ್ತು. ಅದನ್ನು ನಿಲ್ಲಿಸಿದೆ. ಆಮೇಲೆ, ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಕೇಳಿತು. ಹೊಸ ಹಿಟ್ಟು ತುಂಬುವ ಮುಂಚೆ ಡಬ್ಬ ತೊಳೆಯಬೇಕು ಎಂಬ ಬುದ್ಧಿ ಯಂತ್ರಕ್ಕೂ ಇದೆಯಲ್ಲ ಎಂದು ಸಂತೋಷಪಟ್ಟು, ಮುಂದುವರಿ ಎಂದೆ. ಬಹಳ ಬೇಗ ತೊಳೆಯಿತು. ನಮ್ಮ ಮನೆ ಕೆಲಸದವಳೂ ಅಷ್ಟು ಬೇಗ ತೊಳೆದದ್ದಿಲ್ಲ.

ಮಧ್ಯಾಹ್ನ ಅನಿತಾ ಬಂದಳು. ಸ್ವಲ್ಪ ಹೊತ್ತಾದ ಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು, "ಆಂಟಿ, ನನ್ನ ಮಿಷೀನು ಎದ್ದೇಳ್ತಾ ಇಲ್ಲ" ಎಂದಳು. ಅದರ ಡಿಸ್ಕು ಕಾಣುತ್ತಿಲ್ಲ ಎಂದು ಬರುತ್ತಿದೆಯಂತೆ.

ನನ್ನ ಕೈಯಲ್ಲಿದ್ದ ಅವರೆಕಾಳು ಹಿದುಕದೆಯೇ ಸಿಪ್ಪೆ ಬಿಟ್ಟಿತು. ಯಜಮಾನರಿಗೆ ಫೋನು ಮಾಡಿದೆ.

"ನೀನು ಏನು ಆರಿಸ್ದೆ?" ಎಂದರು.

"ಡಿಸ್ಕು."

ಪಂಪು ರಿಪೇರಿಯವನಿಗೆ ಸುತ್ತಿಗೆ ನಿಲ್ಲಿಸು ಎಂದು ಹೇಳಿ ಮತ್ತೆ ಫೋನಿಗೆ ಬಂದರು.

"ಅನಿತಂದು ಅದ್ರಲ್ಲೇ ಇತ್ತು. ಅಳಿಸೋ ಮುಂಚೆ ಒಳಗೆ ಏನಿದೆ ಅಂತ ನೋಡಿದ್ಯಾ?"

"ತೊಳೆಯೋ ಪಾತ್ರೇಲಿ ಏನ್ರೀ ನೋಡೋದು?"

ಅವರು ಫೋನು ಇಟ್ಟುಬಿಟ್ಟರು. ನಿಜ ಹೇಳಬೇಕೆಂದರೆ ನನಗೆ ಅದೇ ವಾಸಿ ಅನ್ನಿಸಿತು.

ಅನಿತಾ ಅಳಲಿಲ್ಲ. ಗೋಡೆಗೆ ಒರಗಿ ನಿಂತು, "ಪೋನೀಲೆ ಆಂಟಿ, ಹೋಗ್ಲಿ ಬಿಡಿ, ಚಿಂತಾಮಣಿಗೆ ಬರಲ್ಲ ಅಂತ ಹೇಳ್ಬಿಡ್ತೀನಿ" ಎಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನನಗೆ ತೋಚಿದ್ದು ಒಂದೇ. ಅವಳಿಗೊಂದು ಲೋಟ ಮಜ್ಜಿಗೆ ಕೊಟ್ಟು, ದೇವರ ಮುಂದೆ ಹೋಗಿ ನಿಂತೆ. ಏನಾದರೂ ಒಂದು ದಾರಿ ತೋರಿಸು, ಬರುವ ಶುಕ್ರವಾರ ತುಪ್ಪದ ದೀಪ ಹಚ್ಚುತ್ತೇನೆ ಎಂದೆ.

ಶುಕ್ರವಾರ ಎಂದ ಬಾಯಿ ಅಲ್ಲೇ ನಿಂತಿತು.

ಆಚೆ ಹಾಕಲು ಮರೆತ ಆ ನಕಲು ಮೊದಲನೇ ಡಿಸ್ಕಿನ ಡೈರೆಕ್ಟರಿಯಲ್ಲಿ, ಯಾರ್ಯಾರದೋ ಸಾಮಾನಿನ ನಡುವೆ, ಮೈಲಿಗೆಯಾಗಿ ಕ್ಷೇಮವಾಗಿ ಕೂತಿತ್ತು. ಅನಿತಾ ಅದನ್ನು ಎಬ್ಬಿಸಿದಳು. ಎದ್ದಿತು. ಹುಳು ತಿನ್ನುವುದು ಬಿಟ್ಟು ಪೊರೆ ಕಳಚುವುದಕ್ಕೆ ರೇಷ್ಮೆಯವರು ಜ್ವರ ಎನ್ನುತ್ತಾರೆ. ಅವಳ ಪ್ರೋಗ್ರಾಂನಲ್ಲಿದ್ದ ಅಂಥ ನಾಲ್ಕು ಜ್ವರದ ಲೆಕ್ಕದಲ್ಲಿ ಮೂರು ಉಳಿದಿದ್ದವು. ಕೊನೆಯದನ್ನು ಅವಳು ಶುಕ್ರವಾರ ಕಳೆದ ಮೇಲೆ ಬರೆದಿದ್ದಳಂತೆ. ಅದು ನನ್ನ ತೊಳೆತದಲ್ಲಿ ಹೋಗಿತ್ತು.

ಆ ಸಂಜೆ ಮತ್ತು ಮಾರನೇ ದಿನ ಪೂರ್ತಿ ಅವಳು ನಮ್ಮ ಮನೆಯಲ್ಲೇ ಕೂತು ನಾಲ್ಕನೇ ಜ್ವರ ಬರಿಸಿದಳು. ನಾನು ಹಿದುಕಿದ ಬೇಳೆ ಸಾರು ಬಡಿಸಿದೆ. ನನ್ನಿಂದ ಆಗಬಹುದಾದ ತಾಂತ್ರಿಕ ಸಹಾಯ ಅಷ್ಟೇ ಎಂದು ಯಜಮಾನರು ತೀರ್ಪು ಕೊಟ್ಟಿದ್ದರು. ಹೊಸಬರಿಗೆ ಪೂಲನ್ನೂ ಅವಳೇ ಮಾಡಿದಳು. ಬಗೆ, ಡೈರೆಕ್ಟರಿ. ಹೆಸರು ಏನಿಡಲಿ ಎಂದು ಯಜಮಾನರನ್ನು ಕೇಳಿ, ಉತ್ತರ ಬರುವ ಮೊದಲೇ 'ಮಡಿ' ಎಂದು ಇಟ್ಟಳು. ಇಬ್ಬರೂ ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದೇ ಹೆಚ್ಚು ಅವಮಾನ.

ನಾಡಿದ್ದು ಎಂದಿದ್ದ ದಿನ ಚಿಂತಾಮಣಿ ಬಸ್‌ಸ್ಟ್ಯಾಂಡಿನಿಂದ ಅವಳ ಫೋನು ಬಂತು. ಕೆಲಸ ಸಿಕ್ಕಿತಂತೆ. ಕಚೇರಿಯವರು, ಇದಕ್ಕೆಲ್ಲ ನಕಲು ತೆಗೆದಿಡುವ ಅಭ್ಯಾಸ ಇದೆಯೇ ಎಂದು ಕೇಳಿದರಂತೆ.

"ಶುಕ್ರವಾರ ತೆಗೀತೀವಿ ಸಾರ್ ಅಂದೆ ಆಂಟಿ. ತುಂಬಾ ಶಿಸ್ತು ಅಂದ್ರು."

ಶಿಸ್ತಿನ ಶ್ರೇಯಸ್ಸನ್ನು ಸ್ವೀಕರಿಸಿ ಫೋನು ಇಟ್ಟೆ. ದೇವರು ದೊಡ್ಡವನು, ನನ್ನ ಮರೆವೂ ಸಣ್ಣದೇನಲ್ಲ. ಉಳಿದ ಒಣ ಅವರೆ ತುಂಬಿಡಲು ಅಡುಗೆಮನೆಯ ಅಟ್ಟದಿಂದ ಒಂದು ಡಬ್ಬ ಇಳಿಸಿ, ನಲ್ಲಿಯ ಕೆಳಗೆ ಹಿಡಿದು ಇನ್ನೇನು ನಲ್ಲಿ ತಿರುಗಿಸಬೇಕು, ಏನನ್ನಿಸಿತೋ, ಮುಚ್ಚಳ ತೆಗೆದು ನೋಡಿದೆ.

ಅರ್ಧ ಡಬ್ಬ ಹುರಿಗಡಲೆ ಇತ್ತು.

ಮುಚ್ಚಳ ಮುಚ್ಚಿಟ್ಟು, ಬೇರೆ ಡಬ್ಬ ಹುಡುಕಲು ಹೋದೆ.