ಗುಡಗೇರಿಯಲ್ಲಿ ನಿಲ್ಲದ ಗಾಡಿ

ಮೌನ ಕಂಡರೆ ನನಗೆ ಹೆದರಿಕೆ. ನಾಲ್ಕು ಜನ ಕೂತಲ್ಲಿ ಅರೆಗಳಿಗೆ ಮಾತು ನಿಂತರೆ ಸಾಕು, ಇವರಿಗೆಲ್ಲ ನನ್ನ ಮೇಲೆ ಸಿಟ್ಟು ಬಂದಿರಬಹುದೇ, ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿರುವೆನೇ ಎಂದು ತಳಮಳ ಶುರುವಾಗುತ್ತದೆ. ಅದನ್ನು ಅಡಗಿಸಲು ನಾನೇ ಮಾತಾಡುತ್ತೇನೆ. ಒಮ್ಮೆ ಸಾವಿನ ಮನೆಗೆ ಹೋಗಿ ಎಷ್ಟು ಮಾತಾಡಿದೆನೆಂದರೆ, ಕಡೆಗೆ ತಂದೆಯನ್ನು ಕಳೆದುಕೊಂಡವನೇ ನನ್ನ ಬೆನ್ನು ಸವರಿ, 'ಸಮಾಧಾನ ಮಾಡ್ಕೋರಿ' ಎಂದ. ಇಂಥ ನಾನು ಗುಡಗೇರಿಯಲ್ಲಿ ದೊಡ್ಡವರಿಗೆ ಇಂಗ್ಲಿಷ್ ಮಾತು ಕಲಿಸಲು ಹೊರಟೆ.

ಕಾಳಿನ ವ್ಯಾಪಾರಿ ರುದ್ರಪ್ಪ ಕಾಕಾ ಅಂಗಡಿಯ ಮೇಲಿನ ಕೋಣೆ ಬಿಟ್ಟುಕೊಟ್ಟು, ತಾವೂ ಮುಂದಿನ ಸಾಲಿನಲ್ಲಿ ಕೂತರು. ನನ್ನ ವಿದ್ಯಾರ್ಥಿಗಳು ಎಬಿಸಿಡಿಯವರಲ್ಲ. ಇಂಗ್ಲಿಷ್ ಓದುತ್ತಾರೆ, ಬರೆಯುತ್ತಾರೆ, ಬಾಯಿ ಬಿಡುವುದೊಂದೇ ಬಾಕಿ. ಆದರೆ ನಮ್ಮ ಕಡೆ ಕಲಿಸುವವರೆದುರು ಬಾಯಿ ಬಿಡುವುದೆಂದರೆ ಉಣ್ಣುವವರ ಗಂಗಾಳಕ್ಕೆ ಕೈ ಹಾಕಿದ ಹಾಗೆ. 'ಭಾಷೆ ಯಾಕೆ ಬೇಕು? ಮಾತಿಲ್ಲದೆ ಮನಸ್ಸು ತಿಳಿಯುತ್ತದೆಯೇ? ಚರ್ಚಿಸಿ' ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದೆ. ಅವರು ತಲೆತಗ್ಗಿಸಿ ಯೋಚಿಸುತ್ತಿದ್ದರು. ಆ ಮೌನ ತಾಳಲಾರದೆ ಉತ್ತರವನ್ನೂ ನಾನೇ ಹೇಳುತ್ತಿದ್ದೆ. 'ಹೌದ್ರಿ ಸರ್' ಎನ್ನುತ್ತಿದ್ದರು. ಆ ಹೌದ್ರಿಯನ್ನು ನಂಬಿ ಮತ್ತೆ ಮುಕ್ಕಾಲು ತಾಸು ಮುಂದುವರಿಯುತ್ತಿದ್ದೆ.

ಜನ ಕರಗತೊಡಗಿದರು. 'ಸರ್, ಹಿಂಗಾ ಆದ್ರ ಈ ಕೋಣ್ಯಾಗ ಕಡ್ಲಿ ಚೀಲ ಇಡಬೇಕಾಗತೈತ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ' ಎಂದರು ಕಾಕಾ. ಊರಲ್ಲಿ ನನ್ನನ್ನು ಸರ್ ಎನ್ನುವವರು ಈ ಕ್ಲಾಸಿನವರಷ್ಟೇ. ಚೀಲಗಳು ಬಂದರೆ ಅದೂ ಹೋಯಿತು. ಮರುದಿನ ಒಬ್ಬರೂ ಬರಲಿಲ್ಲ, ಕಾಕಾ ಕೂಡ. ಕರಿಹಲಗೆಯೊಂದಿಗೆ ಸ್ವಲ್ಪ ಹೊತ್ತು ಮಾತಾಡಿ, ಚಹಾ ಕುಡಿಯಲು ಸ್ಟೇಷನ್ನಿಗೆ ಹೋದೆ. ಪ್ಲಾಟ್‌ಫಾರ್ಮಿನ ಕಟ್ಟೆಯ ಮೇಲೆ ನನ್ನ ಇಡೀ ಕ್ಲಾಸು ಕೂತಿತ್ತು. ಇಂಗ್ಲಿಷಿನಲ್ಲಿ ಹರಟುತ್ತಿತ್ತು! ಕಂಬದ ಹಿಂದೆ ನಿಂತೆ.

'ಸರ್ ಈಸ್ ಎಕ್ಸ್‌ಪ್ರೆಸ್ ಟ್ರೇನ್,' ಎನ್ನುತ್ತಿದ್ದಳು ಅಂಗನವಾಡಿಯ ಶಾಂತಕ್ಕ. 'ನೋ ಹಾಲ್ಟ್ ಅಟ್ ಗುಡಗೇರಿ. ವಿ ಆರ್ ಓನ್ಲಿ ವೇವಿಂಗ್ ಹ್ಯಾಂಡ್.'

ಹ್ಯಾಂಡ್ ಅಲ್ಲ, ಹ್ಯಾಂಡ್ಸ್ ಎಂದು ತಿದ್ದಲು ಕಾಲು ಮುಂದಿಟ್ಟವನಿಗೆ ಆ ಗಾಡಿ ನಾನೇ ಎಂಬುದು ಹೊಳೆಯಿತು.

'ಯು ಟೆಲ್ ಸರ್,' ಎಂದು ಕಾಕಾ ಅವಳಿಗೇ ಹೇಳಿದರು.

'ನೋ ಕಾಕಾ. ಹಿ ವಿಲ್ ಎಕ್ಸ್‌ಪ್ಲೇನ್.'

ಮನೆಗೆ ಬಂದು ಹೆಂಡತಿಗೆ ಇದನ್ನೆಲ್ಲ ಸವಿಸ್ತಾರವಾಗಿ ಹೇಳಿದೆ. ರೊಟ್ಟಿ ಬಡಿಯುತ್ತಲೇ ಅವಳು, 'ನಾಳಿಗೆ ಬಾಯಿ ತುಂಬ ಎಲಿ ಅಡಿಕಿ ಹಾಕ್ಕೊಂಡ ಹೋಗ್ರಿ. ಉಗಳೂ ತನಕಾ ಮಾತ ಬರೂದಿಲ್ಲ' ಎಂದಳು.

ಕಾಕಾರನ್ನು ಬೇಡಿಕೊಂಡು ಇನ್ನೊಂದು ದಿನ ಎಲ್ಲರನ್ನೂ ಕರೆಸಿದೆ. ಹುಟ್ಟಿದಾಗಿನಿಂದ ಎಲೆ ಅಡಿಕೆ ಮುಟ್ಟದವನು ಗಲ್ಲ ಉಬ್ಬಿಸಿಕೊಂಡು ಕೂತೆ. ಮೌನ ಬಂತು. ತಳಮಳವೂ ಬಂತು. ಬಾಯಲ್ಲಿ ರಸ ಏರಿತು, ಬಿಳಿ ಅಂಗಿಯ ಚಿಂತೆ ಹತ್ತಿತು, ಕಣ್ಣಲ್ಲಿ ನೀರಾಡಿತು.

'ಸರ್, ಎನಿ ಪ್ರಾಬ್ಲಂ ಇನ್ ಹೌಸ್?' ಎಂದಳು ಶಾಂತಕ್ಕ. ನಾನು ಇಲ್ಲವೆಂದು ತಲೆಯಾಡಿಸಿದೆ.

'ಲುಕ್, ಐಸ್ ಆರ್ ರೆಡ್. ದಿಸ್ ಈಸ್ ಬಿಪಿ,' ಎಂದರು ಕಾಕಾ.

'ಚೀಕ್ ಈಸ್ ಬಿಗ್. ಟೂತ್ ಪೇನ್,' ಎಂದಿತು ಹಿಂದಿನ ಸಾಲು.

'ನೋ. ದಿಸ್ ಈಸ್ ಮೇಡಂ,' ಎಂದು ಶಾಂತಕ್ಕ ತೀರ್ಪು ಕೊಟ್ಟಳು.

ಮುಂದೆ ಒಂದು ತಾಸು ನನ್ನ ರೋಗ, ನನ್ನ ಸಂಸಾರ, ಎರಡಕ್ಕೂ ಔಷಧ, ಎಲ್ಲದರ ಚರ್ಚೆ ಇಂಗ್ಲಿಷಿನಲ್ಲೇ ನಡೆಯಿತು. ಯಾರೂ ತಲೆ ತಗ್ಗಿಸಲಿಲ್ಲ. ಇಳಿಯುವಾಗ ಕಾಕಾ ಹತ್ತಿರ ಬಂದು, 'ಚೀಲ ಬ್ಯಾರೆ ಕಡೆ ಇಡ್ತೇನ್ರಿ ಸರ್. ಇವತ್ತ ಅಗದಿ ಚಲೋ ಕಲಿಸಿದ್ರಿ' ಎಂದರು.

ಮನೆಗೆ ಓಡಿ ಬಾಯಿ ತೊಳೆದು, ಎಲೆಗೆ ಸುಣ್ಣ ಹಚ್ಚಿದಲ್ಲಿಂದ ಹಿಡಿದು ಹೆಂಡತಿಗೆ ವರದಿ ಒಪ್ಪಿಸತೊಡಗಿದೆ. 'ಹೌದ್ರಿ' ಎಂದಳು. ಕಲಿಸುವವನು ಸುಮ್ಮನಿರುವುದೇ ನಿಜವಾದ ಪಾಠ ಎಂಬುದನ್ನು ವಿವರಿಸಿದೆ. 'ಹೌದ್ರಿ' ಎಂದಳು. ಉತ್ಸಾಹದಿಂದ ಇನ್ನೂ ವಿವರಿಸಿದೆ. ಬಹಳ ಹೊತ್ತಿನ ಮೇಲೆ ನೋಡಿದರೆ, ಎಲೆ ಅಡಿಕೆಯ ತಟ್ಟೆ ಯಾವಾಗಲೋ ನನ್ನ ಮುಂದೆ ಬಂದು ಕೂತಿತ್ತು.